ಓದಲಷ್ಟೇ ಬಿಟ್ಟ ಮೆಮೊರಿ: ಗೆಸ್ಟ್ ಬರೆಯಲು ಬಂದರೆ ಏನಾಗಬೇಕು?

ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳು ನಡೆಯುವಂತೆ ಮಾಡುವ ತಂತ್ರಾಂಶವೇ ಹೈಪರ್‌ವೈಸರ್. ಒಳಗೆ ನಡೆಯುವ ವರ್ಚುವಲ್ ಮಷೀನನ್ನು ಗೆಸ್ಟ್ ಎನ್ನುತ್ತೇವೆ, ಅದಕ್ಕೆ ಜಾಗ ಕೊಟ್ಟ ಯಂತ್ರವನ್ನು ಹೋಸ್ಟ್. ಗೆಸ್ಟ್ ತನ್ನದೆಂದು ತಿಳಿದ ಮೆಮೊರಿಯ ಒಂದು ಭಾಗವನ್ನು ಅದಕ್ಕೆ ಓದಲು ಮಾತ್ರ ಬಿಟ್ಟರೆ ಅದು ರೀಡ್-ಓನ್ಲಿ ಗೆಸ್ಟ್ ಮೆಮೊರಿ. ಕೇಳಿದವರಿಗೆ ಇದು ಒಂದು ಬಿಟ್ ಬದಲಿಸುವಷ್ಟು ಸಣ್ಣ ಕೆಲಸ ಅನ್ನಿಸುತ್ತದೆ. ಆದರೆ ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ 2007ರ ಫೆಬ್ರವರಿಯಲ್ಲಿ ಕರ್ನಲ್ 2.6.20ರ ಜೊತೆ ಬಂದರೂ, ಈ ಸೌಲಭ್ಯ ಅದಕ್ಕೆ ಸೇರಿದ್ದು 2012ರ ಡಿಸೆಂಬರ್‌ನಲ್ಲಿ, ಕರ್ನಲ್ 3.7ರಲ್ಲಿ. ಬರಹ ತಡೆಯುವ ಬಿಟ್ ಪ್ರೊಸೆಸರಿನಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ಆದರೆ ತಡೆದ ಬರಹವನ್ನು ಮುಂದೆ ಏನು ಮಾಡಬೇಕು ಎಂಬ ಒಪ್ಪಂದ ಇರಲಿಲ್ಲ. ವಿಷಯದ ತಿರುಳು ಇರುವುದು ಆ ಒಪ್ಪಂದದಲ್ಲಿ. ಅದನ್ನು ಮರೆತಾಗಲೇ ಕೆಳಗಿನ ತಪ್ಪು ಕಲ್ಪನೆಗಳು ಹುಟ್ಟುತ್ತವೆ.

ತಪ್ಪು ಕಲ್ಪನೆ 1: ಗೆಸ್ಟ್‌ನ ಪೇಜ್ ಟೇಬಲ್‌ನಲ್ಲಿ ಗುರುತು ಹಾಕಿದರೆ ಸಾಕು

ಸತ್ಯ: ವಿಳಾಸಗಳನ್ನು ಮೆಮೊರಿಯ ಪುಟಗಳಿಗೆ ಜೋಡಿಸುವ ಆ ಟೇಬಲ್ ಗೆಸ್ಟ್ ಕರ್ನಲ್‌ನ ಕೈಯಲ್ಲೇ ಇದೆ. ಹಾಕಿದ ಗುರುತನ್ನು ಅದು ಬೇಕೆಂದಾಗ ತೆಗೆಯಬಹುದು. ಗುರುತು ಇದ್ದಂತೆಯೇ, ಎಕ್ಸ್86 ಪ್ರೊಸೆಸರಿನ ಸಿಆರ್0 ರಿಜಿಸ್ಟರಿನಲ್ಲಿರುವ ಬರಹ ರಕ್ಷಣೆಯ ಬಿಟ್ಟನ್ನು ಸೊನ್ನೆ ಮಾಡಿ ನೇರವಾಗಿ ಬರೆಯಲೂಬಹುದು. ಬೇಲಿಯೇ ಎದ್ದು ಹೊಲ ಮೇಯುವ ಕಡೆ ಬೇಲಿಯನ್ನು ನಂಬಿ ಪ್ರಯೋಜನವಿಲ್ಲ. ಹೈಪರ್‌ವೈಸರ್‌ಗೆ ಬೇಕಾದ ತಡೆ ಗೆಸ್ಟ್‌ನ ಕಣ್ಣಿಗೂ ಬೀಳದ ಎರಡನೆಯ ಟೇಬಲ್‌ನಲ್ಲಿದೆ. ಎಎಂಡಿ 2007ರಲ್ಲಿ, ಇಂಟೆಲ್ 2008ರ ನೆಹಲೆಮ್ ಪೀಳಿಗೆಯಲ್ಲಿ ಇದನ್ನು ಪ್ರೊಸೆಸರಿನೊಳಗೇ ತಂದವು. ಇಂಟೆಲ್ ಇದನ್ನು ಇಪಿಟಿ ಎಂದು ಕರೆಯುತ್ತದೆ. ಗೆಸ್ಟ್ ತನ್ನ ಭೌತಿಕ ವಿಳಾಸವೆಂದು ತಿಳಿದದ್ದನ್ನು ಹೋಸ್ಟ್‌ನ ನಿಜವಾದ ವಿಳಾಸಕ್ಕೆ ಜೋಡಿಸುವುದು ಈ ಟೇಬಲ್. ಒಂದು ಬರಹ ದಾಟಬೇಕಾದರೆ ಎರಡೂ ಟೇಬಲ್‌ಗಳು ಒಪ್ಪಬೇಕು. ಈ ಎರಡನೆಯದು ಒಪ್ಪದಿದ್ದರೆ ಪ್ರೊಸೆಸರು ಗೆಸ್ಟನ್ನು ನಿಲ್ಲಿಸಿ ಹೈಪರ್‌ವೈಸರ್‌ಗೆ ಹಿಡಿತ ಕೊಡುತ್ತದೆ.

ತಪ್ಪು ಕಲ್ಪನೆ 2: ಬರಹ ತಡೆದ ಪುಟವೆಲ್ಲ ರೀಡ್-ಓನ್ಲಿ

ಸತ್ಯ: ಅದೇ ಬಿಟ್ಟನ್ನು ಹೈಪರ್‌ವೈಸರ್ ಬೇರೆ ಬೇರೆ ಕೆಲಸಕ್ಕೆ ಬಳಸುತ್ತದೆ. ಲಿನಕ್ಸ್‌ನಲ್ಲಿ 2009ರಿಂದ ಇರುವ ಕೆಎಸ್‌ಎಂ, ಹಲವು ಗೆಸ್ಟ್‌ಗಳಲ್ಲಿ ಒಂದೇ ತೆರನಾಗಿರುವ ಪುಟಗಳನ್ನು ಒಂದಾಗಿಸಿ ಬರಹ ತಡೆಯುತ್ತದೆ. ಯಾವುದಾದರೂ ಗೆಸ್ಟ್ ಬರೆದರೆ ಅದಕ್ಕೊಂದು ಪ್ರತ್ಯೇಕ ಪ್ರತಿ ಸಿಗುತ್ತದೆ, ಬರಹವೂ ನೆರವೇರುತ್ತದೆ. ಓಡುತ್ತಿರುವ ಯಂತ್ರವನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸುವಾಗಲೂ ಪುಟಗಳಿಗೆ ಇದೇ ತಡೆ ಬೀಳಬಹುದು. ಅಲ್ಲಿ ಹೈಪರ್‌ವೈಸರ್ ‘ಈ ಪುಟ ಬದಲಾಯಿತು’ ಎಂದು ಗುರುತು ಮಾಡಿಕೊಂಡು ದಾರಿ ಬಿಡುತ್ತದೆ. ರೀಡ್-ಓನ್ಲಿ ಎಂದು ಸಾರಿದ ಭಾಗದಲ್ಲಿ ಮಾತ್ರ ಬರಹ ಮೆಮೊರಿಯನ್ನು ಮುಟ್ಟುವುದಿಲ್ಲ. ಕೆವಿಎಂ ಅದನ್ನು ಹೋಸ್ಟ್‌ನಲ್ಲಿ ಯಂತ್ರವನ್ನು ನಡೆಸುವ ಕ್ಯೂಎಮುವಿನಂಥ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಬಿಟ್ ಒಂದೇ, ಉತ್ತರ ಮೂರು. ಈ ಸಾರುವಿಕೆ ಇಲ್ಲದೆ, ಹೋಸ್ಟ್‌ನ ಕಡೆ ಮೆಮೊರಿಯನ್ನು ಓದಲಷ್ಟೇ ತೆರೆದು ಗೆಸ್ಟ್‌ಗೆ ಕೊಟ್ಟರೆ, ಗೆಸ್ಟ್‌ನ ಮೊದಲ ಬರಹಕ್ಕೇ ಕೆವಿಎಂ ದೋಷ ತೋರಿಸುತ್ತದೆ, ಯಂತ್ರ ಅಲ್ಲಿಗೇ ನಿಲ್ಲುತ್ತದೆ. ತಡೆ ಇತ್ತು, ಉತ್ತರ ಇರಲಿಲ್ಲ.

ತಪ್ಪು ಕಲ್ಪನೆ 3: ಬರೆಯಲು ಹೋದ ಗೆಸ್ಟ್‌ಗೆ ದೋಷದ ಸೂಚನೆ ಸಿಗಬೇಕು

ಸತ್ಯ: ನಿಜವಾದ ಮದರ್‌ಬೋರ್ಡಿನಲ್ಲಿ ರೋಮ್‌ಗೆ, ಅಂದರೆ ಓದುವುದಕ್ಕಷ್ಟೇ ಇರುವ ಚಿಪ್‌ಗೆ ಬರೆದರೆ ಪ್ರೊಸೆಸರು ದೂರುವುದಿಲ್ಲ. ಬರಹ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಫ್ಲ್ಯಾಶ್ ಚಿಪ್ ಆದರೆ ಆ ಬರಹವನ್ನು ಆಜ್ಞೆಯೆಂದು ಓದಿಕೊಳ್ಳುತ್ತದೆ. ಹತ್ತಿರದಿಂದ ನೋಡೋಣ. ಯಂತ್ರ ಚಾಲೂ ಆದಾಗ ಮೊದಲು ಓಡುವ ಗೆಸ್ಟ್‌ನ ಯುಇಎಫ್‌ಐ ಫರ್ಮ್‌ವೇರ್ ಬೂಟ್ ಕ್ರಮವನ್ನು ಉಳಿಸಬೇಕಿದೆ. ಇಂಟೆಲ್ ಮಾದರಿಯ ಫ್ಲ್ಯಾಶ್‌ನ ವಿಳಾಸಕ್ಕೆ ಅದು ಹದಿನಾರರ ಎಣಿಕೆಯಲ್ಲಿ 40 ಎಂದು ಬರೆಯುತ್ತದೆ. ‘ಮುಂದೆ ಬರುವ ಬೈಟನ್ನು ದಾಖಲಿಸು’ ಎಂದು ಇದರರ್ಥ. ಕ್ಯೂಎಮು ಆ ಬರಹವನ್ನು ಹಿಡಿದು, ಆ ಭಾಗದ ಓದುಗಳೂ ತನ್ನ ಬಳಿಗೇ ಬರುವಂತೆ ಬದಲಿಸುತ್ತದೆ. ಬೈಟ್ ಬಂದು ದಾಖಲಾಗುತ್ತದೆ. ಗೆಸ್ಟ್ ಅದೇ ವಿಳಾಸವನ್ನು ಓದಿದರೆ 80 ಸಿಗುತ್ತದೆ, ಅಂದರೆ ‘ಸಿದ್ಧ’. ಕೊನೆಗೆ ಎಫ್‌ಎಫ್ ಬರೆದಾಗ ಆ ಭಾಗ ಮತ್ತೆ ಸಾಮಾನ್ಯ ರೀಡ್-ಓನ್ಲಿ ಮೆಮೊರಿಯಾಗುತ್ತದೆ. ರೋಮ್‌ಗೆ ಯಾರು ತಾನೇ ಬರೆಯುತ್ತಾರೆ ಎಂಬ ಆಕ್ಷೇಪಕ್ಕೆ ಇದೇ ಉತ್ತರ: ಬರೆಯುವುದು ಇಲ್ಲಿ ಮಾಮೂಲಿ ಕೆಲಸ. ಒಂದೊಂದಕ್ಕೂ ಗೆಸ್ಟ್‌ಗೆ ಫಾಲ್ಟ್ ಕೊಟ್ಟಿದ್ದರೆ ನಿಜವಾದ ಯಂತ್ರದಲ್ಲಿ ನಡೆಯುವ ಫರ್ಮ್‌ವೇರ್ ವರ್ಚುವಲ್ ಯಂತ್ರದಲ್ಲಿ ಮುಗ್ಗರಿಸುತ್ತಿತ್ತು.

ತಪ್ಪು ಕಲ್ಪನೆ 4: ಇದಕ್ಕಿಂತ ಇಡೀ ಭಾಗವನ್ನು ಸಾಧನದಂತೆ ಎಮ್ಯುಲೇಟ್ ಮಾಡುವುದೇ ಸರಳ

ಸತ್ಯ: ಈ ವಾದದಲ್ಲಿ ಹುರುಳಿದೆ, ಹಾಗೆ ಮಾಡಿದರೆ ಓದೂ ಬರಹವೂ ಹೈಪರ್‌ವೈಸರ್ ಮೂಲಕವೇ ಹಾದು ನಡವಳಿಕೆ ಕರಾರುವಾಕ್ಕಾಗಿರುತ್ತದೆ. ಆದರೆ ಫರ್ಮ್‌ವೇರ್ ಬರೀ ದತ್ತಾಂಶವಲ್ಲ, ಅದು ಓಡುವ ಕೋಡ್. ಎಕ್ಸ್86 ಪ್ರೊಸೆಸರು ಚಾಲೂ ಆದಾಗ ಮೊದಲ ಸೂಚನೆಯನ್ನು ತೆಗೆದುಕೊಳ್ಳುವುದೇ 4 ಜಿಬಿ ಗಡಿಗೆ 16 ಬೈಟ್ ಕೆಳಗಿನ ವಿಳಾಸದಿಂದ, ಅಂದರೆ ಫರ್ಮ್‌ವೇರ್ ಕೂತಿರುವ ಜಾಗದಿಂದ. ಸೂಚನೆಗಳನ್ನು ಪ್ರೊಸೆಸರು ನೇರವಾಗಿ ಓದಿ ನಡೆಸಬೇಕಾದರೆ ಅಲ್ಲಿ ಮೆಮೊರಿ ಇರಲೇಬೇಕು. ಓದು ಮತ್ತು ಕೋಡ್ ನಡೆಸುವುದಕ್ಕೆ ತಡೆಯಿಲ್ಲದ ದಾರಿ, ಓದಿಗಿಂತ ಅಪರೂಪವಾದ ಬರಹಕ್ಕೆ ಮಾತ್ರ ನಿಲುಗಡೆ: ರೀಡ್-ಓನ್ಲಿ ಮೆಮೊರಿ ಒದಗಿಸುವುದು ಈ ಹದವನ್ನು. ಹಾಗಾಗಿ ಇದು ಯಂತ್ರವನ್ನು ನಿಧಾನಗೊಳಿಸುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಹಿಡಿತಕ್ಕೆ ಸಿಗುವ ಬರಹಗಳಿಗೆ ಮಾತ್ರ ಆ ಬೆಲೆ ತೆರಬೇಕು.

ತಪ್ಪು ಕಲ್ಪನೆ 5: ರೀಡ್-ಓನ್ಲಿ ಆದದ್ದು ಬದಲಾಗದು, ಆದ್ದರಿಂದ ಸುರಕ್ಷಿತ

ಸತ್ಯ: ಈ ಗುಣ ಇರುವುದು ಗೆಸ್ಟ್‌ನ ವಿಳಾಸಗಳ ಒಂದು ವ್ಯಾಪ್ತಿಗೆ, ಅದರ ಹಿಂದಿರುವ ಮೆಮೊರಿಗೆ ಅಲ್ಲ. ಅದೇ ಮೆಮೊರಿಯನ್ನು ಗೆಸ್ಟ್‌ನ ಇನ್ನೊಂದು ವಿಳಾಸದಲ್ಲಿ ಬರೆಯಲು ಬಿಟ್ಟಿದ್ದರೆ, ಬರಹ ಅಲ್ಲಿಂದ ಒಳಬರುತ್ತದೆ. ಕ್ಯೂಎಮು ಅಂತೂ ಯಾವಾಗ ಬೇಕಾದರೂ ಬದಲಿಸಬಹುದು. ಇದಕ್ಕಿಂತ ಮುಖ್ಯವಾದ ಅಪಾಯ ಇನ್ನೊಂದು: ಮೇಲೆ ಕಂಡ 40ರ ಆಜ್ಞೆಯನ್ನು ಫರ್ಮ್‌ವೇರ್ ಮಾತ್ರವಲ್ಲ, ಗೆಸ್ಟ್‌ನ ಯಾವ ಕರ್ನಲ್ ಕೋಡ್ ಬೇಕಾದರೂ ಕೊಡಬಹುದು. ಸಹಿ ಇರುವ ಕೋಡನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ನ ಕೀಲಿಗಳು ಆ ಫ್ಲ್ಯಾಶ್‌ನಲ್ಲಿದ್ದರೆ ಅವನ್ನೂ ಅಳಿಸಬಹುದು. ಆದ್ದರಿಂದಲೇ ಕ್ಯೂಎಮುವಿನಲ್ಲಿ, ಪ್ರೊಸೆಸರು ಫರ್ಮ್‌ವೇರ್‌ಗೆ ಮೀಸಲಾದ ಸಿಸ್ಟಮ್ ಮ್ಯಾನೇಜ್‌ಮೆಂಟ್ ಮೋಡ್‌ನಲ್ಲಿದ್ದಾಗ ಬಂದ ಬರಹವನ್ನಷ್ಟೇ ಫ್ಲ್ಯಾಶ್ ಒಪ್ಪುವಂತೆ ಮಾಡುವ ಪ್ರತ್ಯೇಕ ಆಯ್ಕೆ ಇದೆ. ಸೆಕ್ಯೂರ್ ಬೂಟ್ ನಂಬಿದವರು ಆ ಆಯ್ಕೆ ಚಾಲೂ ಇದೆಯೇ ಎಂದು ನೋಡಲೇಬೇಕು. ಅಲ್ಲಿ ಕೀಲಿಗಳನ್ನು ಕಾಯುತ್ತಿರುವುದು ಪುಟದ ಮೇಲಿನ ತಡೆಯಲ್ಲ. ಬರೆಯಲು ಬಂದವರು ಯಾರು ಎಂದು ಕೇಳಿ, ಅದಕ್ಕೆ ತಕ್ಕ ಉತ್ತರ ಕೊಡುವ ಆ ಕೋಡ್.