ದನ ಕಂದು ಹಾಕಿದ ಮನೆಯಲ್ಲಿ ಬಿಡದ ಜ್ವರ: ಬ್ರೂಸೆಲ್ಲಾ ರೋಗದ ತಿಳಿವಳಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ರೈತರಿಗೆ ಕಬ್ಬು ವರ್ಷಕ್ಕೊಮ್ಮೆ ಹಣ ತಂದರೆ ಹೈನು ದಿನದ ಖರ್ಚನ್ನು ನಡೆಸುತ್ತದೆ. ಅನಂತಪುರದಂತಹ ಊರುಗಳಲ್ಲಿ ಆಕಳು, ಎಮ್ಮೆಗಳ ಜೊತೆಗೆ ಕುರಿ, ಆಡುಗಳನ್ನು ಸಾಕುವ ಮನೆಗಳೂ ಉಂಟು. ಇಂತಹ ಮನೆಯಲ್ಲಿ ತಿಂಗಳು ತುಂಬುತ್ತ ಬಂದ ಎಮ್ಮೆ ಕಂದು ಹಾಕಿತೆಂದರೆ ಕರುವೂ ಹೋಯಿತು, ಆ ಸೂಲಿನ ಹಾಲೂ ಹೋಯಿತು. ಪೆಟ್ಟು ಬಿದ್ದಿರಬೇಕು, ಮೇವು ಕೆಟ್ಟಿರಬೇಕು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಕೆಲವು ವಾರಗಳ ಮೇಲೆ ಅದೇ ಮನೆಯಲ್ಲಿ ಒಬ್ಬರಿಗೆ ಬಿಡದ ಜ್ವರ ಹಿಡಿದರೆ ಇವೆರಡಕ್ಕೂ ಸಂಬಂಧವಿರಬಹುದೆಂದು ಯಾರೂ ಯೋಚಿಸುವುದಿಲ್ಲ. ಎಮ್ಮೆಯ ಸುದ್ದಿ ಪಶುವೈದ್ಯರಿಗೆ ಹೋಗುತ್ತದೆ, ಜ್ವರದ ಸುದ್ದಿ ಆಸ್ಪತ್ರೆಗೆ ಹೋಗುತ್ತದೆ. ಎರಡೂ ಸುದ್ದಿ ಒಂದೆಡೆ ಸೇರದ ಕಾರಣ ರೋಗ ಗೊತ್ತಾಗುವುದು ತಡವಾಗುತ್ತದೆ. ಈ ರೋಗವೇ ಬ್ರೂಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ.

ರೋಗಾಣು

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಎಂಬ ವೈದ್ಯ ಈ ರೋಗಾಣುವನ್ನು ಬೇರ್ಪಡಿಸಿದನು. ಆತನ ಹೆಸರೇ ರೋಗಕ್ಕೆ ಬಂದಿತು. ದನಗಳಲ್ಲಿ ಗರ್ಭಪಾತ ಉಂಟುಮಾಡುವ ರೋಗಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್ ಕಂಡುಹಿಡಿದನು. ಮಾಲ್ಟಾದ ಜ್ವರಕ್ಕೆ ಆಡಿನ ಹಸಿ ಹಾಲೇ ಮೂಲವೆಂದು 1905ರಲ್ಲಿ ತಿಳಿದುಬಂದಿತು. ಮರುವರ್ಷ ಸೈನಿಕರಿಗೆ ಆ ಹಾಲನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರ ಇಳಿಮುಖವಾಯಿತು.

ಆಕಳು, ಎಮ್ಮೆಗಳಿಗೆ ಹೆಚ್ಚಾಗಿ ಬರುವುದು ಬ್ರೂಸೆಲ್ಲಾ ಅಬಾರ್ಟಸ್. ಕುರಿ, ಆಡುಗಳಿಗೆ ಬರುವುದು ಬ್ರೂಸೆಲ್ಲಾ ಮೆಲಿಟೆನ್ಸಿಸ್. ಎರಡೂ ಮನುಷ್ಯರಿಗೆ ತಗಲುತ್ತವೆ. ಎರಡನೆಯದು ಹೆಚ್ಚು ತೀವ್ರವಾದದ್ದು.

ಹರಡುವ ಬಗೆ

ರೋಗ ತಗಲಿದ ಜಾನುವಾರು ಸಾಮಾನ್ಯವಾಗಿ ಗಬ್ಬದ ಕೊನೆಯ ಮೂರನೆಯ ಒಂದು ಭಾಗದಲ್ಲಿ ಕಂದು ಹಾಕುತ್ತದೆ. ಅನೇಕ ಸಲ ಮಾಸು ಬೀಳದೆ ಉಳಿಯುತ್ತದೆ. ಸತ್ತ ಕರು, ಮಾಸು ಮತ್ತು ಗರ್ಭದ ನೀರಿನಲ್ಲಿ ರೋಗಾಣುಗಳು ಅಪಾರ ಸಂಖ್ಯೆಯಲ್ಲಿರುತ್ತವೆ. ಇವು ಬಿದ್ದ ಮೇವು, ನೀರನ್ನು ಸೇವಿಸಿದ ಮತ್ತು ಇವನ್ನು ನೆಕ್ಕಿದ ಇತರ ದನಗಳಿಗೆ ರೋಗ ಹರಡುತ್ತದೆ. ಬಿಸಿಲಿಗೆ ರೋಗಾಣು ಬೇಗ ಸಾಯುತ್ತದೆ. ನೆರಳು ಮತ್ತು ತೇವವಿರುವೆಡೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಒಮ್ಮೆ ಕಂದು ಹಾಕಿದ ಆಕಳು ಮುಂದಿನ ಸಲ ಸರಿಯಾಗಿ ಈಯಬಹುದು. ಆದರೆ ಅಷ್ಟರಿಂದ ಅದು ರೋಗಮುಕ್ತವಾಯಿತೆಂದು ತಿಳಿಯಬಾರದು. ಹಾಲಿನಲ್ಲಿ ಮತ್ತು ಈದಾಗ ಗರ್ಭದ ಸ್ರಾವದಲ್ಲಿ ರೋಗಾಣು ಹೊರಬೀಳುತ್ತಲೇ ಇರಬಹುದು.

ಮನುಷ್ಯರಿಗೆ ಇದು ಮುಖ್ಯವಾಗಿ ಎರಡು ದಾರಿಯಿಂದ ಬರುತ್ತದೆ. ಮೊದಲನೆಯದು, ಬರಿಗೈಯಿಂದ ಕರು ಎಳೆಯುವುದು ಮತ್ತು ಮಾಸು ತೆಗೆಯುವುದು. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಎರಡನೆಯದು, ಹಸಿ ಹಾಲನ್ನು ಕುಡಿಯುವುದು. ಗರಡಿಗೆ ಹೋಗುವ ಹುಡುಗರಿಗೆ ಶಕ್ತಿ ಬರಲೆಂದು ಕರೆದ ಕೂಡಲೆ ನೊರೆಹಾಲು ಕೊಡುವ ರೂಢಿ ಅಪಾಯಕಾರಿ. ಕಾಯಿಸಿದರೆ ಹಾಲಿನ ಶಕ್ತಿ ಹೋಗುವುದಿಲ್ಲ, ರೋಗಾಣು ಮಾತ್ರ ಸಾಯುತ್ತದೆ.

ಜನರಲ್ಲಿ ರೋಗದ ಲಕ್ಷಣಗಳು

ರೋಗಾಣು ದೇಹ ಸೇರಿದ ಎರಡರಿಂದ ನಾಲ್ಕು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳ ನಂತರ, ಜ್ವರ ಕಾಣಿಸುತ್ತದೆ. ಜ್ವರ ಬಂದು ಹೋಗಿ ಮತ್ತೆ ಬರುತ್ತದೆ. ರಾತ್ರಿ ಮೈ ಬೆವರುವುದು, ಕೀಲು ಮತ್ತು ಸೊಂಟದ ನೋವು, ನಿಶ್ಶಕ್ತಿ, ತೂಕ ಇಳಿಯುವುದು ಇತರ ಲಕ್ಷಣಗಳು. ಗಂಡಸರಲ್ಲಿ ವೃಷಣದ ಬಾವು ಬರಬಹುದು, ಗರ್ಭಿಣಿಯರಿಗೆ ಗರ್ಭಪಾತವಾಗಬಹುದು. ಈ ಲಕ್ಷಣಗಳು ಟೈಫಾಯ್ಡ್, ಮಲೇರಿಯಾ ಮತ್ತು ಕ್ಷಯವನ್ನು ಹೋಲುವುದರಿಂದ ರೋಗ ಗುರುತಿಸುವುದು ಕಷ್ಟ. ಬೆನ್ನೆಲುಬಿಗೆ ತಗಲಿದಾಗ ಕ್ಷಯವೆಂದೇ ತೋರುವುದುಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬ್ರೂಸೆಲ್ಲಾ ಮೇಲೂ ಕೆಲಸ ಮಾಡುವ ಕಾರಣ ರೋಗಿಗೆ ಸ್ವಲ್ಪ ಗುಣ ಕಂಡು, ತಪ್ಪು ನಿದಾನವೇ ಸರಿಯೆನಿಸಲೂಬಹುದು.

ವಿಜಯಪುರದ ಸಂಶೋಧನೆ

ಇದು ದೂರದ ದೇಶದ ರೋಗವಲ್ಲ. ನೆರೆಯ ವಿಜಯಪುರದ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಾಣು ವಿಜ್ಞಾನಿ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು ಹದಿನಾರು ವರ್ಷಗಳ ಕಾಲ ಈ ರೋಗವನ್ನು ಅಭ್ಯಸಿಸಿದರು. ವಯಸ್ಕರ ಸುಮಾರು 27 ಸಾವಿರ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ 495 ಜನರಲ್ಲಿ ರೋಗ ಪತ್ತೆಯಾಯಿತೆಂದು 2006ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ, 2004ರಲ್ಲಿ, 93 ಮಕ್ಕಳಲ್ಲಿ ಕಂಡ ರೋಗದ ವಿವರ ಪ್ರಕಟವಾಗಿತ್ತು. ಹುಡುಕಿದಲ್ಲಿ ಈ ರೋಗ ಸಿಗುತ್ತದೆ, ಹುಡುಕದಿದ್ದಲ್ಲಿ ಬೇರೆ ಜ್ವರದ ಹೆಸರಿನಲ್ಲಿ ಉಳಿದುಬಿಡುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಬ್ರೂಸೆಲ್ಲಾ ನಿಧಾನವಾಗಿ ಬೆಳೆಯುವ ರೋಗಾಣು. ಆದ್ದರಿಂದ ಪ್ರಯೋಗಾಲಯದವರು ರಕ್ತದ ಕೃಷಿಯನ್ನು ಹೆಚ್ಚು ದಿನ ಕಾಯಬೇಕಾಗುತ್ತದೆ. ವೈದ್ಯರು ಮೊದಲೇ ಸೂಚಿಸಿದ್ದರೆ ಮಾತ್ರ ಅವರು ಕಾಯುತ್ತಾರೆ. ವೈದ್ಯರಿಗೆ ಸಂಶಯ ಬರಬೇಕಾದರೆ ಮನೆಯ ದನದ ಸುದ್ದಿ ಅವರಿಗೆ ಗೊತ್ತಿರಬೇಕು.

ಚಿಕಿತ್ಸೆ

ಗುರುತಿಸಿದರೆ ರೋಗ ವಾಸಿಯಾಗುತ್ತದೆ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರು ವಾರ ಕೊಡುತ್ತಾರೆ. ಅದರ ಜೊತೆಗೆ ಆರು ವಾರ ರಿಫಾಂಪಿಸಿನ್, ಇಲ್ಲವೆ ಎರಡು-ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಇರುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಔಷಧಿ ಬೇರೆ. ರೋಗಾಣು ದೇಹದ ಜೀವಕೋಶಗಳೊಳಗೆ ಅಡಗಿರುವುದರಿಂದ ಒಂದೇ ಔಷಧಿ ಸಾಲದು, ವಾರದ ಚಿಕಿತ್ಸೆಯೂ ಸಾಲದು. ಜ್ವರ ಇಳಿಯಿತೆಂದು ಮಾತ್ರೆ ಬಿಟ್ಟರೆ ರೋಗ ಮರುಕಳಿಸುತ್ತದೆ. ದನಗಳಿಗೆ ಮಾತ್ರ ಖಚಿತವಾಗಿ ವಾಸಿಮಾಡುವ ಚಿಕಿತ್ಸೆಯಿಲ್ಲ; ತಡೆಗಟ್ಟುವುದೇ ಉಪಾಯ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ನಾಲ್ಕರಿಂದ ಎಂಟು ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದನ್ನು ಉಚಿತವಾಗಿ ಹಾಕಲಾಗುತ್ತದೆ. ಒಮ್ಮೆ ಹಾಕಿಸಿದರೆ ಸಾಕು. ಗಂಡು ಕರುಗಳಿಗೂ ಗಬ್ಬದ ದನಗಳಿಗೂ ಹಾಕಿಸಬಾರದು. ಇದು ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ರೈತರು ತಾವೇ ಹಾಕಬಾರದು.

2. ಕಂದು ಹಾಕಿದ ದನವನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

3. ಸತ್ತ ಕರು ಮತ್ತು ಮಾಸನ್ನು ಬರಿಗೈಯಿಂದ ಮುಟ್ಟಬಾರದು. ರಬ್ಬರ್ ಕೈಚೀಲ ಹಾಕಿಕೊಂಡು, ಬಾವಿ-ಹಳ್ಳಗಳಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳಬೇಕು. ತಿಪ್ಪೆಗೆ ಎಸೆಯಬಾರದು, ನಾಯಿಗಳಿಗೆ ಸಿಗಗೊಡಬಾರದು. ಗರ್ಭಿಣಿಯರು ಈ ಕೆಲಸಕ್ಕೆ ಹೋಗಬಾರದು.

4. ಕೊಟ್ಟಿಗೆಯ ಆ ಜಾಗವನ್ನು ಕ್ರಿಮಿನಾಶಕ ದ್ರಾವಣದಿಂದ ತೊಳೆಯಬೇಕು.

5. ಸಂತೆಯಿಂದ ತಂದ ದನವನ್ನು ಪರೀಕ್ಷೆ ಮಾಡಿಸದೆ ಹಿಂಡಿಗೆ ಸೇರಿಸಬಾರದು. ರೋಗವಿರುವ ದನವನ್ನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬ ರೈತನ ಮನೆ ಸೇರುತ್ತದೆ.

6. ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಬಳಸಬೇಕು. ಮೊಸರು ಹೆಪ್ಪು ಹಾಕುವುದೂ ಕಾಯಿಸಿದ ಹಾಲಿಗೇ ಆಗಬೇಕು.

ಎರಡು ವಾರ ಮೀರಿದ ಜ್ವರವಿದ್ದವರು ಬೆಳಗಾವಿಗೆ ಹೋಗಲಿ, ಮಿರಜಿಗೆ ಹೋಗಲಿ, ವೈದ್ಯರು ಕೇಳದಿದ್ದರೂ ಒಂದು ಮಾತು ಹೇಳಬೇಕು: “ನಮ್ಮ ಮನೆಯಲ್ಲಿ ದನ ಇವೆ, ಇಂತಹ ತಿಂಗಳಲ್ಲಿ ಒಂದು ಕಂದು ಹಾಕಿತ್ತು.” ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಸಭೆಗಳಲ್ಲಿ ಇದನ್ನು ತಪ್ಪದೆ ತಿಳಿಸಬೇಕು. ತಿಂಗಳುಗಟ್ಟಲೆ ನರಳುವುದನ್ನೂ ಆಸ್ಪತ್ರೆಗಳ ಅಲೆದಾಟವನ್ನೂ ಈ ಒಂದು ಮಾತು ತಪ್ಪಿಸಬಲ್ಲದು.