ರಜೆಯಲ್ಲಿ ಪ್ರಿನ್ಸಿಪಾಲ್ ಮೇಡಂ ಹಾಸ್ಟೆಲ್‌ಗೆ ಯಾಕೆ ಹೋದ್ರು?

ಶಾಲೆಗೆ ಬೇಸಿಗೆ ರಜೆ.
ಆದರೆ ಪ್ರಿನ್ಸಿಪಾಲ್ ಮೇಡಂ ಬ್ಯಾಗ್ ಹಿಡಿದು ಹಾಸ್ಟೆಲ್‌ಗೆ ಹೊರಟಿದ್ದಾರೆ.
ಯಾಕೆ ಗೊತ್ತಾ?

ಇದು ಅಮೆರಿಕ.
ಇಲ್ಲಿ ಶಿಕ್ಷಕರು ಕೆಲಸ ಬಿಡದೆಯೇ ಡಾಕ್ಟರೇಟ್ ಮಾಡಬಹುದು.
ಅದರ ಹೆಸರು ಎಡ್.ಡಿ.

ಹಲವು ಕಡೆ ವರ್ಷವೆಲ್ಲ ಓದು ಆನ್‌ಲೈನ್‌ನಲ್ಲಿ.
ಬೇಸಿಗೆಯಲ್ಲಿ ಮಾತ್ರ ಕೆಲವು ದಿನ
ಎಲ್ಲರೂ ಕ್ಯಾಂಪಸ್‌ನಲ್ಲೇ ಇರಬೇಕು.
ಇದೇ ಸಮ್ಮರ್ ರೆಸಿಡೆನ್ಸಿ.

ದಿನ ಹೇಗಿರುತ್ತೆ?
ಬೆಳಿಗ್ಗೆ ಕಾಫಿ ಕುಡಿದು ಕ್ಲಾಸು.
ಮಧ್ಯಾಹ್ನ ಗುಂಪು ಚರ್ಚೆ.
ಸಂಜೆ ಲೈಬ್ರರಿ.
ರಾತ್ರಿ ಮನೆಯಿಂದ ವಿಡಿಯೊ ಕಾಲ್.
"ಅಮ್ಮಾ, ಯಾವಾಗ ಬರ್ತೀಯಾ?"

ಇಲ್ಲಿ ಸಂಶೋಧನೆ ಶುರುವಾಗೋದು
ಅವರವರ ಶಾಲೆಯ ಸಮಸ್ಯೆಯಿಂದಲೇ.
ಎಡ್.ಡಿ. ಓದನ್ನ ಸುಧಾರಿಸೋಕೆ 2007ರಲ್ಲಿ ಶುರುವಾದ ಕಾರ್ನೆಗಿ ಪ್ರಾಜೆಕ್ಟ್ ಒತ್ತು ಕೊಟ್ಟಿದ್ದೂ ಇದಕ್ಕೇ.

ಕ್ಲಾಸಿನ ಗೋಡೆ ಮೇಲೆ ಮೇಡಂ ಅಂಟಿಸಿದ ಹಳದಿ ಚೀಟಿ ನೋಡಿ.
"ಒಂಬತ್ತನೇ ಕ್ಲಾಸಿನ ಮಕ್ಕಳು ಯಾಕೆ ಇಷ್ಟು ಗೈರು?"
ಒಬ್ಬರು ಕೇಳ್ತಾರೆ: ಯಾವ ಮಕ್ಕಳು?
ಇನ್ನೊಬ್ಬರು: ಯಾವ ದಿನ?
ಮತ್ತೊಬ್ಬರು: ಮಕ್ಕಳನ್ನೇ ಕೇಳಿದ್ರಾ?
ಸಂಜೆ ಹೊತ್ತಿಗೆ
ಚೀಟಿ ತುಂಬ ಹೊಡೆದುಹಾಕಿದ ಗೆರೆ.
ಕೆಳಗೆ ಹೊಸ ಪ್ರಶ್ನೆ.

ಜೋಳದ ರೊಟ್ಟಿ ಹಿಟ್ಟು ಇದೆಯಲ್ಲ,
ಚೆನ್ನಾಗಿ ನಾದದಿದ್ರೆ
ತಟ್ಟುವಾಗ ಅಂಚು ಬಿರಿಯುತ್ತೆ.
ಪ್ರಶ್ನೆಯೂ ಹಾಗೇ.
ಅದನ್ನ ನಾದೋಕೆ ಹಲವು ಕೈ ಬೇಕು.
ಅದಕ್ಕೇ ಒಂದೇ ಕೋಣೆಯಲ್ಲಿ ಕೂರಬೇಕು.

ರಜೆ ಮುಗಿದು ಮೇಡಂ ಶಾಲೆಗೆ ಮರಳಿದಾಗ
ಆ ಚೀಟಿ ಅವರ ಡೈರಿಯಲ್ಲಿರುತ್ತೆ.
ಮೊದಲ ದಿನ ಅವರು ಮಾಡೋ ಕೆಲಸ?
ಮಕ್ಕಳ ಪಕ್ಕ ಕೂತು ಕೇಳಿಸಿಕೊಳ್ಳೋದು.

ನಿಮ್ಮೂರ ಶಾಲೆಗೆ ಒಂದೇ ಒಂದು ಪ್ರಶ್ನೆ ಕೇಳೋದಾದ್ರೆ
ಯಾವುದು ಕೇಳ್ತೀರಿ?
ಕಾಮೆಂಟ್‌ನಲ್ಲಿ ಬರೀರಿ.