ಶಾಲಾ ಸಮವಸ್ತ್ರದ ಕಲೆಗಳು ಮತ್ತು ಮಕ್ಕಳ ಆರೋಗ್ಯ

ಮಾನವನು ಬಟ್ಟೆ ಉಡಲು ಕಲಿತಂದಿನಿಂದಲೂ ಬಟ್ಟೆಗೆ ಕಲೆ ತಗಲುತ್ತಲೇ ಬಂದಿದೆ. ನಮ್ಮ ಹಿರಿಯರ ಕಾಲದಲ್ಲಿ ಇದಕ್ಕಾಗಿ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಕೊನೆಗೆ ಒರಸುಬಟ್ಟೆಗೆ ಎಂಬ ಕ್ರಮವಿದ್ದ ಮನೆಗಳಲ್ಲಿ ಬಾಳೆಯ ಕರೆಯೋ ಮಾವಿನ ಸೊನೆಯೋ ತಗಲಿದ ಅಂಗಿಯೂ ನಿಶ್ಚಿಂತೆಯಿಂದ ಶಾಲೆಗೆ ಹೋಗಿಬರುತ್ತಿತ್ತು. ಇಂದಿನ ಸ್ಥಿತಿ ಬೇರೆ. ನಮ್ಮ ಗಚ್ಚಿಬೌಲಿಯ ಸುತ್ತಲಿನ ಅನೇಕ ಖಾಸಗಿ ಶಾಲೆಗಳಲ್ಲಿ ವಾರದ ದಿನಗಳಿಗೆ ಒಂದು ಸಮವಸ್ತ್ರ, ಆಟದ ದಿನಕ್ಕೆ ಅಚ್ಚ ಬಿಳುಪಿನ ಇನ್ನೊಂದು, ‘ಹೌಸ್’ ಬಣ್ಣದ ಟೀ ಶರ್ಟು ಮತ್ತೊಂದು. ಇವನ್ನೆಲ್ಲ ಸೂಚಿಸಿದ ಅಂಗಡಿಯಲ್ಲಿಯೇ, ಸೂಚಿಸಿದ ಬೆಲೆಗೇ ಕೊಳ್ಳಬೇಕೆಂಬುದು ರೂಢಿ. ಶಾಲೆಯ ಆವರಣದಲ್ಲಿ ಸಮವಸ್ತ್ರ, ಬೂಟು, ಬೆಲ್ಟುಗಳನ್ನು ಮಾರಕೂಡದೆಂದು ಹೈದರಾಬಾದಿನ ಜಿಲ್ಲಾ ಶಿಕ್ಷಣಾಧಿಕಾರಿಗಳು 2024ರ ಮೇ ತಿಂಗಳಲ್ಲಿ ಖಾಸಗಿ ಶಾಲೆಗಳಿಗೆ ಆದೇಶವಿತ್ತದ್ದು ಓದುಗರ ನೆನಪಿನಲ್ಲಿರಬಹುದು. ಆದೇಶವೇನೋ ಒಳ್ಳೆಯದೇ. ಆದರೆ ಕೊಂಡ ಬಟ್ಟೆಯ ಮೇಲೆ ಅದೇ ವಾರ ಬೀಳುವ ಚಿತ್ರಾನ್ನದ ಕಲೆಗೆ ಯಾವ ಆದೇಶವೂ ಇಲ್ಲವಷ್ಟೆ.

ನಾನು ವೈದ್ಯನೂ ಅಲ್ಲ, ರಸಾಯನಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಅಧಿಕಾರಿ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆಯಿರುವುದರಿಂದ ಆ ದಿನಗಳ ಬಟ್ಟೆ ಒಗೆತ ನನ್ನ ಪಾಲಿಗೆ ಬಂದಿದೆ. ಆ ಅನುಭವದಿಂದಲೂ, ತಿಳಿದವರನ್ನು ಕೇಳಿದ್ದರಿಂದಲೂ ನನಗೆ ಸ್ಪಷ್ಟವಾಗಿರುವ ಸಂಗತಿಯೊಂದುಂಟು. ಕಲೆಯೆಂಬುದು ಸುಸ್ತಿಬಿದ್ದ ಸಾಲದಂತೆ. ಮೊದಲ ದಿನ ತಣ್ಣೀರಿಗೇ ವಸೂಲಾಗುವುದು, ವಾರ ಕಳೆದ ಮೇಲೆ ಯಾವ ನೋಟೀಸಿಗೂ ಜಗ್ಗುವುದಿಲ್ಲ. ಆದುದರಿಂದ ಸಾಬೂನಿಗಿಂತಲೂ ಮುಖ್ಯವಾದುದು ಕಲೆಯಾದ ಸಂಗತಿ ಅದೇ ದಿನ ಮನೆಗೆ ತಿಳಿಯುವುದು. ಅದನ್ನು ತಿಳಿಸಬೇಕಾದವರು ಮಕ್ಕಳು.

ಇಲ್ಲಿಯೇ ತೊಡಕಿರುವುದು. ಬೈಗುಳಕ್ಕೆ ಹೆದರಿದ ಮಗು ಕಲೆಯನ್ನು ಹೇಳುವುದಿಲ್ಲ, ಬಚ್ಚಿಡುತ್ತದೆ. ನನ್ನ ಪರಿಚಯದ ಮನೆಯೊಂದರಲ್ಲಿ ಮೂರನೆಯ ತರಗತಿಯ ಹುಡುಗನೊಬ್ಬ ಶಾಯಿ ಬಿದ್ದ ಅಂಗಿಯನ್ನು ಮಡಚಿ ಹಳೆಯ ಪುಸ್ತಕಗಳ ಹಿಂದೆ ತುರುಕಿ, ಹತ್ತು ದಿನ ಉಳಿದೆರಡೇ ಅಂಗಿಗಳಲ್ಲಿ ಶಾಲೆಗೆ ಹೋದನಂತೆ. ಅಂಗಿ ಸಿಕ್ಕಿದಾಗ ಶಾಯಿ ಗಟ್ಟಿಯಾಗಿತ್ತು. ಬಟ್ಟೆಗೆ ಬೂಷ್ಟು ಬೇರೆ ಹಿಡಿದಿತ್ತು. ಇನ್ನೊಂದು ಶಾಲೆಯಲ್ಲಿ ಕಲೆಯಿದ್ದ ಮಕ್ಕಳ ಡೈರಿಯಲ್ಲಿ ಕೆಂಪು ಶಾಯಿಯಿಂದ ಷರಾ ಬರೆಯುವ ಪದ್ಧತಿ ಇದ್ದು, ಅಲ್ಲಿನ ಮಕ್ಕಳು ಬಿಳಿಯ ಸಮವಸ್ತ್ರದ ದಿನ ಮೈದಾನದ ಅಂಚಿನಲ್ಲಿಯೇ ನಿಂತಿರುತ್ತಾರೆಂದು ಕೇಳಿದ್ದೇನೆ. ಆಟಕ್ಕೆಂದೇ ಹೊಲಿಸಿದ ಬಟ್ಟೆ ಆಟಕ್ಕೇ ಅಡ್ಡಿಯಾದರೆ ಅದರ ಬೆಲೆಯನ್ನು ಯಾವ ಖಾತೆಗೆ ಬರೆಯುವುದು?

ಖಾತೆಯ ಮಾತು ಬಂದುದರಿಂದ ಲೆಕ್ಕವನ್ನೂ ನೋಡೋಣ. ಉದಾಹರಣೆಗೆ ಮೂರು ಜೊತೆ ಬಟ್ಟೆಗೆ 6,600 ರೂಪಾಯಿ ವೆಚ್ಚವಾಯಿತೆಂದಿಟ್ಟುಕೊಳ್ಳಿ. ಶಾಲೆಯು ವರ್ಷಕ್ಕೆ 220 ದಿನ ನಡೆದರೆ ದಿನವೊಂದಕ್ಕೆ 30 ರೂಪಾಯಿ. ಬೆಳೆಯುವ ಮಗುವಿಗೆ ಮುಂದಿನ ಜೂನ್ ತಿಂಗಳಲ್ಲಿ ಆ ಬಟ್ಟೆ ಹಿಡಿಸುವುದೇ ಅನುಮಾನ. ಅಂದರೆ ಕಲೆಯಿರಲಿ, ಇಲ್ಲದಿರಲಿ, ವರ್ಷದ ಕೊನೆಯಲ್ಲಿ ಅದರ ಪುಸ್ತಕಮೌಲ್ಯ ಸೊನ್ನೆಗೆ ಸಮೀಪ. ಫೆಬ್ರವರಿಯಲ್ಲಿ ಬಿದ್ದ ಕಲೆಗೆ ಜೂನ್ ತಿಂಗಳ ಕೋಪವನ್ನು ತೋರುವುದು ಸವಕಳಿಯ ಲೆಕ್ಕ ಬಲ್ಲ ಯಾರಿಗೂ ಸಮ್ಮತವಾಗದು.

ಇನ್ನು ಒಗೆಯುವ ವಿಚಾರ. ಮೊದಲು ನೀರು. ಹೈದರಾಬಾದಿಗೆ ಕೃಷ್ಣಾ, ಗೋದಾವರಿ ನದಿಗಳಿಂದಲೂ ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವ ಮಂಜೀರಾದಿಂದಲೂ ನೀರು ಬರುತ್ತದೆ. ಆದರೆ ಗಚ್ಚಿಬೌಲಿಯ ಬಹುಮಹಡಿ ಕಟ್ಟಡಗಳಲ್ಲಿ ಅದರೊಂದಿಗೆ ಕೊಳವೆಬಾವಿಯ ನೀರು, ಬೇಸಗೆಯಲ್ಲಿ ಟ್ಯಾಂಕರಿನ ನೀರು ಸೇರುವುದು ಸಾಮಾನ್ಯ. ಬಕೆಟ್ಟಿನ ಅಂಚಿಗೂ ನಲ್ಲಿಯ ಬಾಯಿಗೂ ಬಿಳಿಯ ಪದರ ಕಟ್ಟುವುದೇ ನೀರು ಗಡುಸೆಂಬುದರ ಗುರುತು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರುವುದು ಮೇಲೆಂದೂ, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆಯ ನಿಯಮವುಂಟು. ಇಂಥ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬಾರ್ ಸಾಬೂನಿನೊಡನೆ ಕೂಡಿ ಕರಗದ ಜಿಗುಟು ಕಿಟ್ಟವಾಗುತ್ತವೆ. ಆ ಕಿಟ್ಟ ನೂಲಿನ ಸಂದಿಯಲ್ಲಿ ಕುಳಿತು ಬಿಳಿಯ ಅಂಗಿಯನ್ನು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ಮಗು ಕೊಳೆ ಮಾಡಿಕೊಂಡಿತೆಂದು ನಾವು ಬೈಯುವ ಎಷ್ಟೋ ಅಂಗಿಗಳ ಮಬ್ಬಿಗೆ ನಮ್ಮ ನಲ್ಲಿಯೇ ಹೊಣೆ. ಹತ್ತಿ ಬಟ್ಟೆಯಾದರೆ ನೆನೆಹಾಕುವ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಸೇರಿಸಿದರೆ ನೀರು ಮೆದುವಾಗುತ್ತದೆ. ಡಿಟರ್ಜೆಂಟ್ ಪುಡಿಗೆ ಈ ಕಿಟ್ಟದ ಬಾಧೆಯಿಲ್ಲ. ಆದರೆ ಜಾಲಿಸುವಲ್ಲಿ ಜಿಪುಣತನ ಸಲ್ಲದು. ಬಟ್ಟೆಯಲ್ಲಿ ಉಳಿದ ಪುಡಿಯಿಂದ ಕೊರಳು, ಸೊಂಟಗಳಲ್ಲಿ ತುರಿಕೆ, ಕೆಂಪು ದದ್ದು ಏಳುವುದುಂಟು.

ಕಲೆಗಳಲ್ಲಿ ನಮ್ಮವರ ಮಕ್ಕಳಿಗೆ ಅತ್ಯಂತ ಸಹಜವಾದುದು ಅರಿಶಿನದ್ದು. ಬುತ್ತಿಯಲ್ಲಿ ಚಿತ್ರಾನ್ನ, ಬಿಸಿಬೇಳೆಬಾತು. ಪಕ್ಕದ ಗೆಳೆಯನ ಬುತ್ತಿಯಲ್ಲಿ ಪುಳಿಹೋರ. ಹಳದಿ ಕಲೆಗೆ ಸಾಬೂನು ತಿಕ್ಕಿದೊಡನೆ ಅದು ಕೆಂಪಾಗುವುದನ್ನು ಕಂಡು ಕಲೆ ಇನ್ನೂ ಕೆಟ್ಟಿತೆಂದು ಗಾಬರಿಯಾಗುವವರಿದ್ದಾರೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸುಣ್ಣದಂತೆಯೇ ಸಾಬೂನೂ ಕ್ಷಾರ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ, ಜಾಲಿಸಿದ ಮೇಲೆ ಮತ್ತೆ ಹಳದಿಗೆ ಮರಳುತ್ತದೆ. ಈ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗದು, ಎಣ್ಣೆಯೊಡನೆ ನೂಲನ್ನು ಹಿಡಿದುಕೊಂಡಿರುತ್ತದೆ. ಆದರೆ ಅದಕ್ಕೊಂದು ದೌರ್ಬಲ್ಯವುಂಟು: ಬಿಸಿಲನ್ನು ತಾಳದು. ಆದುದರಿಂದ ಡಿಟರ್ಜೆಂಟಿನಿಂದ ಎಣ್ಣೆಯ ಜಿಡ್ಡನ್ನು ತೆಗೆದು, ಒದ್ದೆಯಾಗಿರುವಾಗಲೇ ಕಲೆಯ ಭಾಗ ಮೇಲೆ ಬರುವಂತೆ ನೇರ ಬಿಸಿಲಿಗೆ ಹರವಬೇಕು. ಎರಡು ಮೂರು ಬಿಸಿಲು ಬಿದ್ದರೆ ಕಲೆ ಮಾಯವಾಗುತ್ತದೆ; ಹೈದರಾಬಾದಿನಲ್ಲಿ ಬಿಸಿಲಿಗೇನೂ ಬರವಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಕೂಡದೆಂಬ ನಿಯಮವಿರುವ ಕಟ್ಟಡಗಳ ನಿವಾಸಿಗಳು ತಾರಸಿಯನ್ನು ಆಶ್ರಯಿಸಬೇಕಾದೀತು.

ಹಾಲು, ಮೊಟ್ಟೆ, ರಕ್ತ ಇವುಗಳ ಕಲೆಗೆ ಬಿಸಿನೀರು ಪರಮಶತ್ರು. ಕುದಿಯುವ ನೀರಿನಲ್ಲಿ ಮೊಟ್ಟೆಯ ಬಿಳಿಭಾಗ ಹೇಗೆ ಗಟ್ಟಿಯಾಗುವುದೋ ಹಾಗೆಯೇ ಇವುಗಳಲ್ಲಿರುವ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ನೂಲಿಗೆ ಅಂಟಿಬಿಡುತ್ತದೆ. ಮೊಣಕಾಲು ಕೆತ್ತಿಸಿಕೊಂಡು ಬಂದ ಮಗುವಿನ ಗಾಯವನ್ನು ಮೊದಲು ತೊಳೆಯಿರಿ. ಬಟ್ಟೆಯನ್ನು ಉಪ್ಪು ಹಾಕಿದ ತಣ್ಣೀರಿನಲ್ಲಿ ಅರ್ಧ ಗಂಟೆ ಬಿಡಿರಿ. ಬಿಳಿಯ ಬಟ್ಟೆಯಲ್ಲಿ ಇನ್ನೂ ಗುರುತುಳಿದರೆ ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿಗೆ ಸಮಪಾಲು ನೀರು ಬೆರೆಸಿ ಹಚ್ಚಬಹುದು. ನೊರೆ ಬಂದು ಕಲೆ ತಿಳಿಯಾಗುತ್ತದೆ. ಕಿಣ್ವಗಳಿರುವ ಪುಡಿಗಳೂ ಈ ಜಾತಿಯ ಕಲೆಗೆ ತಕ್ಕವು. ಪ್ರಾಣಿಗಳ ಮೇದೋಜೀರಕಾಂಗದ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಜರ್ಮನಿಯ ಆಟೋ ರೋಮ್ ಎಂಬ ರಸಾಯನಶಾಸ್ತ್ರಜ್ಞ 1913ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದ. ಕಿಣ್ವವು ಕಲೆಯನ್ನು ಜೀರ್ಣಿಸಿಕೊಳ್ಳಲು ಸಮಯ ಬೇಕು. ಆದುದರಿಂದ ನೆನೆಹಾಕುವುದೇ ಮುಖ್ಯ, ತಿಕ್ಕುವುದಲ್ಲ.

ಕೆಮ್ಮಣ್ಣಿನ ಕೆಸರನ್ನು ಹಸಿಯಾಗಿರುವಾಗ ಉಜ್ಜಬಾರದು. ಒಣಗಿದ ಮೇಲೆ ಕೊಡವಿ, ಬ್ರಷ್ಷಿನಿಂದ ಉದುರಿಸಿ, ಅನಂತರ ಒಗೆಯತಕ್ಕದ್ದು. ಬಾಲ್‌ಪೆನ್ನಿನ ಶಾಯಿ ನೀರಿಗೆ ಕರಗದು, ಸ್ಪಿರಿಟ್ಟಿಗೆ ಕರಗುತ್ತದೆ; ಕೋವಿಡ್ ಕಾಲದಿಂದ ಮನೆಮನೆಯಲ್ಲಿ ಉಳಿದಿರುವ ಸ್ಯಾನಿಟೈಸರೂ ಆದೀತು. ಕೆಳಗೆ ಹಳೆಯ ಬಟ್ಟೆಯಿಟ್ಟು ಹತ್ತಿಯಿಂದ ಒತ್ತಿ ತೆಗೆಯಬೇಕು, ಒಲೆಯಿಂದ ದೂರವಿರಬೇಕು. ಜೆಲ್ ಪೆನ್ನಿನ ಶಾಯಿಯೂ ಒಣಗಿದ ಅಕ್ರಿಲಿಕ್ ಬಣ್ಣವೂ ಬಹುಮಟ್ಟಿಗೆ ಬಿಡುವುದಿಲ್ಲ. ಯಾವ ಕಲೆಯೇ ಆಗಲಿ, ಅದು ಹೋಗುವ ಮುನ್ನ ಬಟ್ಟೆಯನ್ನು ಇಸ್ತ್ರಿಗೆ ಕೊಡಲಾಗದು. ಇಸ್ತ್ರಿಯ ಕಾವು ಕಲೆಯನ್ನು ಖಾಯಂ ಮಾಡಿಬಿಡುತ್ತದೆ.

ಹೋಗದ ಕಲೆಯೂ ಲೋಕದಲ್ಲಿ ಉಂಟೆಂಬುದನ್ನು ನಮ್ಮ ಅಗಸರು ಬಲ್ಲವರಾಗಿದ್ದರು. ಯಾರ ಬಟ್ಟೆ ಯಾರದೆಂದು ತಿಳಿಯಲು ಕರಿಗೇರಿನ ರಸದಿಂದ ಅವರು ಹಾಕುತ್ತಿದ್ದ ಗುರುತು ಬಟ್ಟೆ ಹರಿಯುವವರೆಗೂ ಅಳಿಯುತ್ತಿರಲಿಲ್ಲ. ಮಾವು, ಗೋಡಂಬಿಗಳ ಕುಟುಂಬಕ್ಕೇ ಸೇರಿದ ಆ ಕಾಯಿಯ ರಸ ಚರ್ಮಕ್ಕೆ ತಗಲಿದರೆ ಬೊಬ್ಬೆಯೇಳುತ್ತದೆ. ಅಂಥ ಹಠಮಾರಿ ಕಲೆಯ ಮೇಲೆ ಒಂದು ಜೇಬನ್ನೋ ಕಸೂತಿಯನ್ನೋ ಹೊಲಿಸಿ ಸುಮ್ಮನಾಗುವುದು ಲೇಸು. ಏಕೆಂದರೆ ಅದನ್ನು ತೆಗೆದೇ ತೀರುವೆನೆಂಬ ಛಲದಲ್ಲಿ ನಡೆಯುವ ಅನಾಹುತಗಳು ಕಲೆಗಿಂತ ಬಹಳ ದೊಡ್ಡವು. ಬ್ಲೀಚಿಂಗ್ ದ್ರವದೊಡನೆ ಶೌಚಾಲಯ ತೊಳೆಯುವ ಆಮ್ಲವನ್ನು ಬೆರೆಸಿದರೆ ಹೆಚ್ಚು ಬಲ ಬರುವುದೆಂದು ಕೆಲವರು ನಂಬಿದ್ದಾರೆ. ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಸ್ನಾನಗೃಹದಲ್ಲಿ ಸ್ವಲ್ಪವೇ ಹುಟ್ಟಿದರೂ ಉಸಿರು ಕಟ್ಟುತ್ತದೆ. ಉಬ್ಬಸವಿರುವ ಮಕ್ಕಳಿಗಂತೂ ಇನ್ನೂ ಅಪಾಯ. ತುಕ್ಕಿನ ಕಲೆಗೆ ಬಳಸುವ ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನು ಕೆಡಿಸುತ್ತದೆ; ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ನೋಡುವುದು ಕ್ಷೇಮಕರ. ಇವುಗಳನ್ನಾಗಲೀ ಸೀಮೆಎಣ್ಣೆಯನ್ನಾಗಲೀ ತಂಪು ಪಾನೀಯದ ಖಾಲಿ ಸೀಸೆಗಳಲ್ಲಿ ತುಂಬಿಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಮಗು ಕುಡಿದುಬಿಟ್ಟಿದ್ದರೆ ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಕೂಡದು. ಆಮ್ಲ ಮತ್ತೊಮ್ಮೆ ಗಂಟಲನ್ನು ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. 2005ರಲ್ಲಿ ಈ ಹೈದರಾಬಾದಿನಲ್ಲಿಯೇ ಆರಂಭವಾದ 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ, ಗಂಡಸರಾದ ನಾವು ಸಾಮಾನ್ಯವಾಗಿ ಮುಖ ತಿರುಗಿಸುವ ಒಂದು ಕಲೆಯಿದೆ. ಹೆಣ್ಣುಮಕ್ಕಳು ಹತ್ತು, ಹನ್ನೊಂದನೆಯ ವಯಸ್ಸಿನಲ್ಲಿಯೇ ದೊಡ್ಡವರಾಗುವುದು ಈಗ ಅಪರೂಪವಲ್ಲ. ಮೊದಲ ಒಂದೆರಡು ವರ್ಷ ಮುಟ್ಟಿನ ದಿನಗಳಿಗೆ ಗೊತ್ತಾದ ಲೆಕ್ಕವಿರುವುದಿಲ್ಲ. ಪರೀಕ್ಷೆಯ ನಡುವೆ, ಬಿಳಿಯ ಸಮವಸ್ತ್ರದ ಶನಿವಾರ, ಎಂದಾದರೂ ಆಗಬಹುದು. 2017ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ಪಾಳಯಂಕೋಟೆಯಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಇಂಥ ಕಲೆಗಾಗಿ ತರಗತಿಯಲ್ಲಿ ಅವಮಾನಕ್ಕೊಳಗಾಗಿ ಪ್ರಾಣವನ್ನೇ ಕಳೆದುಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದ್ದವು. ಅದನ್ನು ಓದಿದ ಮೇಲೆ ಬಟ್ಟೆಯ ಬೆಲೆಯ ಮಾತು ನಾಲಗೆಗೆ ಬರುವುದಿಲ್ಲ. ಬಿಳುಪಿನ ವಿಷಯದಲ್ಲಿ ಅತಿ ಕಟ್ಟುನಿಟ್ಟೆಂದು ಹೆಸರಾದ ವಿಂಬಲ್ಡನ್ನಿನವರೇ 2023ರಿಂದ ಆಟಗಾರ್ತಿಯರು ಸ್ಕರ್ಟಿನೊಳಗೆ ಗಾಢವರ್ಣದ ಚಡ್ಡಿ ತೊಡಲು ಅನುಮತಿಯಿತ್ತಿದ್ದಾರೆ. ನಮ್ಮ ಶಾಲೆಗಳು ಆರನೆಯ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳ ಆಟದ ಉಡುಪನ್ನು ಕಡುನೀಲಿಗೆ ಬದಲಿಸಿದರೆ ಯಾವ ಶಿಸ್ತೂ ಕೆಡುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದುದು ಸ್ವಲ್ಪವೇ. ಶಾಲೆಯ ಚೀಲದ ಒಳಜೇಬಿನಲ್ಲಿ ಸಣ್ಣ ಬಟ್ಟೆಯ ಚೀಲವೊಂದಿರಲಿ: ಎರಡು ಪ್ಯಾಡು, ಒಂದು ಜೊತೆ ಒಳಉಡುಪು, ಹಳೆಯ ಪತ್ರಿಕೆಯ ಹಾಳೆ, ಸೊಂಟಕ್ಕೆ ಕಟ್ಟಿಕೊಳ್ಳಲು ತೆಳುವಾದ ಸ್ವೆಟರು. ಕಲೆಯಾದರೆ ಬಿಸಿನೀರು ತಾಗಿಸದೆ ನಲ್ಲಿಯ ತಣ್ಣೀರಿನಲ್ಲಿ ಹಿಂಡಿಟ್ಟರೆ ಸಾಕು, ಉಳಿದುದನ್ನು ಮನೆಯಲ್ಲಿ ನೋಡಿಕೊಳ್ಳಬಹುದೆಂದು ಮಗಳಿಗೆ ಮೊದಲೇ ಹೇಳಿಟ್ಟಿರಬೇಕು. ನಮ್ಮ ಮನೆಯಲ್ಲಿ ಇದನ್ನು ಅವಳ ಅಮ್ಮ ಹೇಳಿದ್ದಾಳೆ, ನಾನೂ ಹೇಳಿದ್ದೇನೆ. ಸಂಘದ ಸದಸ್ಯರಲ್ಲಿ ಹಲವರು ತಮ್ಮ ಮಕ್ಕಳ ಶಾಲೆಗಳ ಪಾಲಕರ ಸಮಿತಿಗಳಲ್ಲಿದ್ದೀರಿ. ಪ್ರತಿಯೊಂದು ಅಂತಸ್ತಿನ ಶಿಕ್ಷಕಿಯರ ಕೊಠಡಿಯಲ್ಲಿ ಬೇರೆ ಬೇರೆ ಅಳತೆಯ ನಾಲ್ಕೈದು ಜೊತೆ ಸಮವಸ್ತ್ರಗಳನ್ನು ಇರಿಸುವಂತೆ ಬರುವ ಜೂನ್ ತಿಂಗಳ ಸಭೆಯಲ್ಲಿ ಕೇಳಿರಿ. ಅದಕ್ಕೆ ಹೊಸ ಬಟ್ಟೆಯೂ ಬೇಕಿಲ್ಲ. ನಮ್ಮ ನಮ್ಮ ಮಕ್ಕಳಿಗೆ ಚಿಕ್ಕದಾಗಿ ಕಪಾಟಿನಲ್ಲಿ ಬಿದ್ದಿರುವ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿಸಿ ಕೊಟ್ಟರಾಯಿತು.